ಮೂರು ವರ್ಷದ್ದೋ, ಐದು ವರ್ಷದ್ದೋ? ಲಾ ಕಾಲೇಜಿಗೆ ಅರ್ಜಿ ಹಾಕುವ ಮುಂಚೆ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. "ಮಗಳು ಲಾ ಓದ್ತೀನಿ ಅಂತಿದ್ದಾಳೆ, ಯಾವ ಕಾಲೇಜು ಒಳ್ಳೇದು ಸರ್?" ಡಿಗ್ರಿ ರಿಸಲ್ಟ್ ಬಂದ ಮೇಲೆ ಇನ್ನೊಂದು ಸುತ್ತು ಶುರು. ಆಗ ಕೇಳುವವರು ಮಕ್ಕಳ ಅಪ್ಪ ಅಮ್ಮ ಅಲ್ಲ. ಬ್ಯಾಂಕಿನವರು, ಮೇಷ್ಟ್ರು, ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ಕಂದಾಯ ಇಲಾಖೆಯವರು. ಇವರೆಲ್ಲ ತಮಗಾಗಿಯೇ ಕೇಳುತ್ತಾರೆ.

ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲ. ಯಾವ ಕಾಲೇಜು ಒಳ್ಳೆಯದು ಅಂತ ಹೇಳುವ ಮುಂಚೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಓದು ಮುಗಿದ ಮೇಲೆ ಎಲ್ಲಿ ನಿಲ್ಲಬೇಕು ಅಂತಿದ್ದೀರಿ? ತಾಲ್ಲೂಕು ಕೋರ್ಟಿನಲ್ಲೋ, ಹೈಕೋರ್ಟಿನಲ್ಲೋ, ಕಂಪನಿಯ ಲೀಗಲ್ ವಿಭಾಗದಲ್ಲೋ? ಇಲ್ಲಾ ಜಡ್ಜ್ ಪರೀಕ್ಷೆ ಬರೆಯಬೇಕೋ? ಇದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಇದು ಗೊತ್ತಿಲ್ಲದೆ ಕಾಲೇಜು ಹುಡುಕುವುದು ಯಾವ ಊರಿಗೆ ಹೋಗಬೇಕು ಅಂತ ತಿಳಿಯದೆ ಬಸ್ ಸ್ಟ್ಯಾಂಡಿನಲ್ಲಿ ಒಳ್ಳೇ ಬಸ್ಸು ಯಾವುದು ಅಂತ ಕೇಳಿದ ಹಾಗೆ.

ಮೊದಲು ವರ್ಷಗಳ ಲೆಕ್ಕ

ಪಿಯುಸಿ ಮುಗಿಸಿ ನೇರವಾಗಿ ಸೇರುವುದು ಐದು ವರ್ಷದ ಕೋರ್ಸು. ಬಿ.ಎ. ಎಲ್‌ಎಲ್‌.ಬಿ., ಬಿ.ಬಿ.ಎ. ಎಲ್‌ಎಲ್‌.ಬಿ., ಬಿ.ಕಾಂ. ಎಲ್‌ಎಲ್‌.ಬಿ. ಹೀಗೆ ಎರಡು ಡಿಗ್ರಿ ಸೇರಿಸಿ ಕೊಡುತ್ತಾರೆ. ಯಾವುದಾದರೂ ಡಿಗ್ರಿ ಮುಗಿಸಿ ಆಮೇಲೆ ಸೇರುವುದು ಮೂರು ವರ್ಷದ ಎಲ್‌ಎಲ್‌.ಬಿ. ಮೂರು ವರ್ಷದ ಡಿಗ್ರಿ ಮಾಡಿ ಬಂದವರಿಗೆ ಒಟ್ಟು ಆರು ವರ್ಷ, ಪಿಯುಸಿಯಿಂದ ನೇರ ಸೇರಿದವರಿಗೆ ಐದು. ಒಂದು ವರ್ಷ ಉಳಿಯುತ್ತದೆ. ಎಲ್ಲರೂ ನೋಡುವುದು ಇಷ್ಟನ್ನೇ.

ನೋಡದೇ ಇರುವುದು ಇನ್ನೊಂದಿದೆ. ಐದು ವರ್ಷದ ಕೋರ್ಸಿನಲ್ಲಿ ನಡುವೆ ಇಳಿಯಲು ಸ್ಟಾಪ್ ಇಲ್ಲ. ಮೂರನೇ ವರ್ಷ ಮುಗಿದ ಮೇಲೆ "ನನಗೆ ಲಾ ಬೇಡ, ಬಿ.ಎ. ಕೊಟ್ಟುಬಿಡಿ" ಅಂದರೆ ಕೊಡುವುದಿಲ್ಲ. ವಕೀಲಿ ಮತ್ತು ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಸಂಸ್ಥೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳು ಇದಕ್ಕೆ ಅವಕಾಶ ಕೊಟ್ಟಿಲ್ಲ. ಡಿಗ್ರಿ ಇದೆ ಅಂತ ಐದು ವರ್ಷದ ಕೋರ್ಸಿಗೆ ನಡುವಿನಲ್ಲಿ ಹತ್ತುವುದಕ್ಕೂ ಆಗದು. ಮೂರು ವರ್ಷ ಓದಿ, ಬೇಜಾರಾಗಿ ಬಿಟ್ಟು, ಕೈಯಲ್ಲಿ ಪಿಯುಸಿ ಮಾರ್ಕ್ಸ್ ಕಾರ್ಡ್ ಮಾತ್ರ ಇಟ್ಟುಕೊಂಡ ಹುಡುಗನನ್ನು ನಾನು ನೋಡಿದ್ದೇನೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಹುಡುಗಿಗೆ ನಿಜವಾಗಿ ವಕೀಲಿ ಮಾಡುವ ಆಸೆ ಇದ್ದರೆ ಐದು ವರ್ಷದ್ದು ಸರಿ. "ನೀಟ್ ಆಗಲಿಲ್ಲ, ಸಿಇಟಿ ರ‍್ಯಾಂಕ್ ಬರಲಿಲ್ಲ, ಹೋಗ್ಲಿ ಲಾ ಮಾಡಿಸೋಣ" ಅನ್ನುವ ಮನೆಯಾದರೆ ಮೊದಲು ಒಂದು ಡಿಗ್ರಿ ಮಾಡಿಸಿ. ಆ ಡಿಗ್ರಿ ದಂಡವಾಗುವುದಿಲ್ಲ. ಬಿ.ಕಾಂ. ಮಾಡಿ ಬಂದವರು ಜಿಎಸ್‌ಟಿ, ಆದಾಯ ತೆರಿಗೆ ಕೇಸುಗಳಲ್ಲಿ ಬೇಗ ಪಳಗುತ್ತಾರೆ. ಹೊಸ ಆವಿಷ್ಕಾರಗಳಿಗೆ ಪೇಟೆಂಟ್ ಹಕ್ಕಿನ ಅರ್ಜಿ ಹಾಕಿಕೊಡುವ ಪೇಟೆಂಟ್ ಏಜೆಂಟ್ ಆಗಬೇಕಾದರೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಡಿಗ್ರಿ ಇರಲೇಬೇಕು. ಬಿ.ಎ. ಎಲ್‌ಎಲ್‌.ಬಿ. ಮಾಡಿದವರಿಗೆ ಆ ಬಾಗಿಲು ಮುಚ್ಚಿದೆ, ಬಿ.ಎಸ್ಸಿ. ಮಾಡಿ ಮೂರು ವರ್ಷದ ಲಾ ಓದಿದವರಿಗೆ ತೆರೆದಿದೆ. ಸೈನ್ಸ್ ಮಕ್ಕಳಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ.

ಅರ್ಹತೆ ಎರಡಕ್ಕೂ ಒಂದೇ ಥರ. ಪಿಯುಸಿಯಲ್ಲಿ ಅಥವಾ ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟ ಜಾತಿ ಪಂಗಡಕ್ಕೆ ಶೇ. 40 ಅಂಕ. ಇಲ್ಲಿ ಒಂದು ಗುಂಡಿ ಇದೆ. ಪಿಯುಸಿ ಮಾಡಿ, ದೂರಶಿಕ್ಷಣದಲ್ಲಿ ಡಿಗ್ರಿ ಮುಗಿಸಿದವರಿಗೆ ತೊಂದರೆ ಇಲ್ಲ. ಆದರೆ ಪಿಯುಸಿ ಮಾಡದೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಡಿಗ್ರಿ ತಗೊಂಡವರಿಗೆ ಲಾ ಸೀಟು ಸಿಗುವುದಿಲ್ಲ. ಮೂರು ವರ್ಷ ಓದಿ, ಸನದಿಗೆ (ವಕೀಲರಾಗಿ ನೋಂದಣಿಗೆ) ಅರ್ಜಿ ಹಾಕಿದಾಗ ಇದು ಎದ್ದು ಬಂದರೆ ಅಷ್ಟೂ ವರ್ಷ ನೀರುಪಾಲು. ಇಂಥ ಡಿಗ್ರಿ ಇದ್ದರೆ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ.

ಮೂರು ಥರದ ಜಾಗಗಳು

ಕರ್ನಾಟಕದಲ್ಲಿ ಲಾ ಓದುವ ಜಾಗಗಳನ್ನು ನಾನು ಮೂರು ಗುಂಪು ಮಾಡುತ್ತೇನೆ.

ಒಂದು, ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್. 1986ರ ರಾಜ್ಯ ಕಾಯ್ದೆಯಿಂದ ಹುಟ್ಟಿದ್ದು, ಮೊದಲ ಬ್ಯಾಚು 1988ರಲ್ಲಿ ಬಂತು. ಕಾನೂನು ಶಿಕ್ಷಣತಜ್ಞ ಮಾಧವ ಮೆನನ್ ಕಟ್ಟಿದ ಶಾಲೆ. ಐದು ವರ್ಷದ ಕೋರ್ಸಿಗೆ ದೇಶದಲ್ಲಿ ಹೆಸರು ತಂದುಕೊಟ್ಟಿದ್ದು ಇದು ಅನ್ನಬಹುದು. ಇಲ್ಲಿನ ಐದು ವರ್ಷದ ಕೋರ್ಸಿಗೆ ಕ್ಲಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ. ಪರೀಕ್ಷೆ ಡಿಸೆಂಬರಿನಲ್ಲೇ ಮುಗಿದುಹೋಗುತ್ತದೆ. ಅಂದರೆ ಪಿಯುಸಿ ರಿಸಲ್ಟ್ ಬಂದ ಮೇಲೆ ನನಗೆ ಫೋನ್ ಮಾಡಿದರೆ ಆ ವರ್ಷದ ಗಾಡಿ ಹೋಗಿಯಾಗಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ, ಉದ್ದುದ್ದ ಪ್ಯಾರಾ ಓದಿ ಉತ್ತರಿಸಬೇಕು. ಕಾನೂನು ಗೊತ್ತಿರಬೇಕಿಲ್ಲ, ಓದುವ ವೇಗ ಬೇಕು. ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಮೀಸಲು ಇದೆ, ಅರ್ಜಿ ತುಂಬುವಾಗ ಮರೆಯಬೇಡಿ. 2022ರಿಂದ ಮೂರು ವರ್ಷದ ಕೋರ್ಸೂ ಅಲ್ಲಿ ಶುರುವಾಗಿದೆ. ಅದಕ್ಕೆ ಕ್ಲಾಟ್ ಅಲ್ಲ, ಅವರದೇ ಆದ ಎನ್‌ಎಲ್‌ಸ್ಯಾಟ್ ಎಂಬ ಪರೀಕ್ಷೆ. ಅದು ಪೂರ್ಣಾವಧಿ ಓದು, ಕೆಲಸದ ಜೊತೆ ಮಾಡುತ್ತೇನೆ ಅಂದರೆ ಆಗದು. ಶುಲ್ಕ ಲಕ್ಷಗಳ ಲೆಕ್ಕದಲ್ಲಿರುತ್ತದೆ. ದೊಡ್ಡ ಲಾ ಫರ್ಮು, ಕಂಪನಿ, ವಿದೇಶದಲ್ಲಿ ಮೇಲಿನ ಓದು ಅಂತ ಯೋಚಿಸುವವರು ಇದಕ್ಕೆ ಒಂದು ವರ್ಷ ಕೂತು ತಯಾರಿ ಮಾಡಿದರೂ ನಷ್ಟವಿಲ್ಲ.

ಎರಡನೆಯದು ವಿಶ್ವವಿದ್ಯಾಲಯಗಳು ತಾವೇ ನಡೆಸುವ ಲಾ ಕಾಲೇಜುಗಳು. ಬೆಂಗಳೂರು ವಿಶ್ವವಿದ್ಯಾಲಯದ್ದಿದೆ. ಹುಬ್ಬಳ್ಳಿ ನವನಗರದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಲಾ ಸ್ಕೂಲ್ ಇದೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳೂ ಇದೇ ಗುಂಪಿಗೆ ಬರುತ್ತವೆ. ಖಾಸಗಿಯವರ ಸಿಲಬಸ್, ಪರೀಕ್ಷೆ, ಶುಲ್ಕ ಎಲ್ಲ ಅವರವರದೇ. ಬ್ರೋಷರ್ ಚೆನ್ನಾಗಿರುತ್ತದೆ. ಅದರಲ್ಲಿ ಹಾಕಿರುವ ಪ್ಲೇಸ್‌ಮೆಂಟ್ ಫೋಟೋದಲ್ಲಿ ಎಷ್ಟು ಜನ ಇದ್ದಾರೆ, ತರಗತಿಯಲ್ಲಿ ಎಷ್ಟು ಜನ ಇದ್ದರು, ಇವೆರಡನ್ನೂ ಕೇಳಿ ನೋಡಿ.

ಮೂರನೆಯ ಗುಂಪು ಸ್ವತಂತ್ರ ಲಾ ಕಾಲೇಜುಗಳದ್ದು. ಇಲ್ಲಿ ಲಾ ಬಿಟ್ಟರೆ ಬೇರೇನೂ ಕಲಿಸುವುದಿಲ್ಲ. ಒಂದು ಸೊಸೈಟಿಯೋ, ಮಠವೋ, ಟ್ರಸ್ಟೋ ನಡೆಸುತ್ತದೆ. ಬಸವನಗುಡಿಯ ಬಿಎಂಎಸ್, ಮೈಸೂರಿನ ವಿದ್ಯಾವರ್ಧಕ, ಮಂಗಳೂರಿನ ಎಸ್‌ಡಿಎಂ, ಬೆಳಗಾವಿಯಲ್ಲಿ 1939ರಿಂದ ನಡೆಯುತ್ತಿರುವ ರಾಜಾ ಲಖಮಗೌಡ ಕಾಲೇಜು, ಹೀಗೆ ಜಿಲ್ಲೆಗೊಂದು ಹೆಸರು ಸಿಗುತ್ತದೆ. ನಮ್ಮ ರಾಜ್ಯದ ವಕೀಲರಲ್ಲಿ ಬಹುಪಾಲು ಜನ ಬಂದಿರುವುದು ಇಂಥ ಕಾಲೇಜುಗಳಿಂದಲೇ. ನಿಮಗೆ ಸಲಹೆ ಬೇಕಾಗಿರುವುದೂ ಇಲ್ಲೇ ಜಾಸ್ತಿ, ಅದಕ್ಕೇ ಇನ್ನು ಮುಂದಿನದೆಲ್ಲ ಇವುಗಳ ಬಗ್ಗೆ.

ಡಿಗ್ರಿ ಒಂದೇ, ಹಾಗಾದರೆ ವ್ಯತ್ಯಾಸ ಎಲ್ಲಿ?

ಈ ಕಾಲೇಜುಗಳು 2009ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಪ್ರವೇಶ ಪರೀಕ್ಷೆ ಇಲ್ಲ, ಅಂಕದ ಮೇಲೆ ಸೀಟು. ಮೈಸೂರಿನ ಜೆಎಸ್‌ಎಸ್‌ನಂಥ ಸ್ವಾಯತ್ತ ಕಾಲೇಜು ಬಿಟ್ಟರೆ ಬೀದರಿನಲ್ಲಿ ಓದಿದರೂ ಬೆಂಗಳೂರಿನಲ್ಲಿ ಓದಿದರೂ ಸಿಲಬಸ್ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪದವಿ ಪತ್ರದ ಮೇಲಿನ ವಿಶ್ವವಿದ್ಯಾಲಯದ ಹೆಸರೂ ಒಂದೇ. ಅಂದ ಮೇಲೆ ದೂರದ ದೊಡ್ಡ ಹೆಸರಿನ ಕಾಲೇಜಿಗೆ ಸಾಲ ಮಾಡಿ ಸೇರಿಸುವ ಮುಂಚೆ ಯೋಚಿಸಬೇಕು, ಅಲ್ವಾ?

ಮೂರು ವರ್ಷದ ಕೋರ್ಸಿನ ಒಂದು ಹಳೇ ಪ್ರಶ್ನೆಪತ್ರಿಕೆ ಕೈಗೆ ತಗೊಳ್ಳಿ, ಆಗ ಈ ಓದು ಏನು ಅಂತ ಗೊತ್ತಾಗುತ್ತದೆ. ಐದು ಯೂನಿಟ್. ಒಂದೊಂದರಲ್ಲೂ ಒಂದು ಪ್ರಬಂಧದಂಥ ದೊಡ್ಡ ಉತ್ತರ, ಜೊತೆಗೆ ಒಂದು ಟಿಪ್ಪಣಿ ಅಥವಾ ಒಂದು ಸಮಸ್ಯೆ. ಮೂರು ಗಂಟೆ. ಸಮಸ್ಯೆ ಹೇಗಿರುತ್ತದೆ ಅಂದರೆ, ಹದಿನಾರು ವರ್ಷದ ಹುಡುಗ ವಯಸ್ಸು ಸುಳ್ಳು ಹೇಳಿ ಮನೆ ಅಡವಿಟ್ಟು ಸಾಲ ತಗೊಂಡ, ಸಾಲ ಕೊಟ್ಟವನು ಆ ಅಡಮಾನದ ಮೇಲೆ ವಸೂಲಿ ಮಾಡಬಹುದೇ? ಕಲ್ಲು ಮಣ್ಣು ಬರೆದರೆ ಅಂಕ ಬರುವುದಿಲ್ಲ. ಅಪ್ರಾಪ್ತನ ಜೊತೆ ಮಾಡಿದ ಕರಾರು ಮೊದಲಿನಿಂದಲೇ ಶೂನ್ಯ, 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟು) ಹೀಗೆ ಹೇಳಿದೆ, ಆದ್ದರಿಂದ ಈ ಅಡಮಾನ ನಿಲ್ಲುವುದಿಲ್ಲ. ನಾಲ್ಕು ಸಾಲು ಸಾಕು, ಆದರೆ ಆ ನಾಲ್ಕು ಸಾಲು ಬರಬೇಕು.

ಇದನ್ನು ಕನ್ನಡದಲ್ಲೂ ಬರೆಯಬಹುದು. ಒಂದು ಷರತ್ತು, ಪೂರ್ತಿ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಿರಿ ಇಲ್ಲಾ ಪೂರ್ತಿ ಇಂಗ್ಲಿಷಿನಲ್ಲಿ ಬರೆಯಿರಿ, ಅರ್ಧರ್ಧ ನಡೆಯದು. ಕನ್ನಡ ಮಾಧ್ಯಮದ ಮಕ್ಕಳು ಇದೊಂದೇ ಭಯಕ್ಕೆ ಲಾ ಬಿಡುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ. ನಾನು ಕನ್ನಡದಲ್ಲೇ ಬರೆದು ಪಾಸಾದವನು. ಅದರ ಲಾಭ, ನಷ್ಟ ಎರಡನ್ನೂ ಕಂಡಿದ್ದೇನೆ. ಜಿಲ್ಲಾ ಕೋರ್ಟಿನಲ್ಲಿ ಸಾಕ್ಷಿಯ ಪಾಟೀಸವಾಲು ನಡೆಯುವುದು ಕನ್ನಡದಲ್ಲಿ. ಪಹಣಿ, ಕ್ರಯಪತ್ರ, ವಿಭಾಗ ಪತ್ರ ಎಲ್ಲ ಕನ್ನಡದಲ್ಲಿ. ದೊಡ್ಡ ಶಾಲೆಯಲ್ಲಿ ಓದಿ ಬಂದ ಬುದ್ಧಿವಂತ ಹುಡುಗನೊಬ್ಬ ಒಂದು ಪಹಣಿಯ ಕಾಲಂಗಳನ್ನು ಓದಲಾಗದೆ ನಮ್ಮ ಗುಮಾಸ್ತರ ಮುಂದೆ ನಿಂತಿದ್ದನ್ನು ಕಂಡು ಒಳಗೊಳಗೇ ಖುಷಿಪಟ್ಟಿದ್ದೂ ಉಂಟು. ಆದರೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ಮೊದಲ ಅಪೀಲು ಮೆಮೊ ಬರೆಯುವಾಗ ನನ್ನ ಬೆವರು ಇಳಿಯಿತು. ಉತ್ತರ ಕನ್ನಡದಲ್ಲಿ ಬರೆಯಿರಿ, ತಪ್ಪಿಲ್ಲ. ಬೇರ್ ಆಕ್ಟ್ (ವಿವರಣೆ ಇಲ್ಲದ ಕಾಯ್ದೆಯ ಮೂಲ ಪಠ್ಯ) ಮತ್ತು ತೀರ್ಪುಗಳನ್ನು ಮೊದಲ ಸೆಮಿಸ್ಟರಿನಿಂದಲೇ ಇಂಗ್ಲಿಷಿನಲ್ಲಿ ಓದಿ.

ಸರಿ, ಕಾಲೇಜು ಕಾಲೇಜಿಗೆ ವ್ಯತ್ಯಾಸ ಎಲ್ಲಿದೆ ಅಂದರೆ ತರಗತಿ ನಿಜವಾಗಿ ನಡೆಯುತ್ತದೆಯೇ ಅನ್ನುವುದರಲ್ಲಿ. ನಿಯಮದ ಪ್ರಕಾರ ಶೇ. 70 ಹಾಜರಿ ಬೇಕು. ದೂರಶಿಕ್ಷಣದ ಎಲ್‌ಎಲ್‌.ಬಿ.ಗೆ ಮಾನ್ಯತೆ ಇಲ್ಲ. ಆದರೂ "ಸುಮ್ನೆ ಹೆಸರು ಹಚ್ಚಿ, ಪರೀಕ್ಷೆಗೆ ಬನ್ನಿ, ಉಳಿದದ್ದು ನಾವು ನೋಡ್ಕೋತೀವಿ" ಅನ್ನುವ ಕಾಲೇಜುಗಳಿವೆ. ಕೆಲಸದಲ್ಲಿರುವವರಿಗೆ ಈ ಮಾತು ಸಕ್ಕರೆ.

ನಾನು ಓದಿದ್ದೂ ಸುಮಾರಾಗಿ ಅಂಥದ್ದೇ ಕಾಲೇಜಿನಲ್ಲಿ. ಮೂಟ್ ಕೋರ್ಟ್ (ವಾದ ಕಲಿಸುವ ಅಣಕು ನ್ಯಾಯಾಲಯ) ಅಂತ ಬೋರ್ಡ್ ಇದ್ದ ಕೋಣೆಯಲ್ಲಿ ಮುರಿದ ಬೆಂಚು ಪೇರಿಸಿದ್ದರು. ಕೊನೆ ವರ್ಷದಲ್ಲಿ ಮೂರು ಮೂಟ್ ಮಾಡಿಸಬೇಕಾದ ಜಾಗದಲ್ಲಿ ಸೀನಿಯರ್ ಒಬ್ಬರ ರೆಕಾರ್ಡ್ ಪುಸ್ತಕ ಕೊಟ್ಟು ನಕಲು ಮಾಡಿ ತರಲು ಹೇಳಿದರು. ಇಂಟರ್ನಲ್ ಅಂಕ ಮಾತ್ರ ಚೆನ್ನಾಗಿ ಬಂತು. ಸನದು ತಗೊಂಡು ಮೊದಲ ದಿನ ಕೋರ್ಟಿಗೆ ಹೋದಾಗ ವಕಾಲತ್‌ನಾಮೆಗೆ ಎಷ್ಟು ರೂಪಾಯಿಯ ಸ್ಟಾಂಪ್ ಹಚ್ಚಬೇಕು, ಅದನ್ನು ಯಾರ ಕೈಗೆ ಕೊಡಬೇಕು ಅಂತ ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ಎಸ್ಸೆಸ್ಸೆಲ್ಸಿ ಓದಿದ ಒಬ್ಬ ಗುಮಾಸ್ತರು. ಮೂರು ವರ್ಷ ಶುಲ್ಕ ಕಟ್ಟಿದ್ದು ಕಾಲೇಜಿಗೆ, ಪಾಠ ಹೇಳಿದ್ದು ಅವರು.

ಹೋಗಿ ನೋಡುವಾಗ

ಓಪನ್ ಡೇ, ಓರಿಯೆಂಟೇಶನ್ ದಿನ ಹೋಗಬೇಡಿ. ಸೆಮಿಸ್ಟರ್ ನಡುವಿನ ಒಂದು ಸಾಮಾನ್ಯ ಮಂಗಳವಾರ ಬೆಳಗ್ಗೆ ಹೋಗಿ. ಬೆಂಚು ಎಷ್ಟು ತುಂಬಿವೆ ಅಂತ ಕಿಟಕಿಯಿಂದ ನೋಡಿ. ಒಂದು ಸೆಕ್ಷನ್ನಿಗೆ 60 ಜನ ಇರಬೇಕು, ಹದಿನೈದು ಜನ ಕೂತಿದ್ದರೆ ಉಳಿದ 45 ಜನರ ಹಾಜರಿ ಎಲ್ಲಿಂದ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಗ್ರಂಥಾಲಯಕ್ಕೆ ಹೋಗಿ, ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪುಸ್ತಕ ಕೇಳಿ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಬದಲಾಗಿವೆ. ಕಪಾಟಿನಲ್ಲಿ ಇನ್ನೂ ಬರೀ ಐಪಿಸಿ ಇದ್ದರೆ ಆ ಗ್ರಂಥಾಲಯಕ್ಕೆ ಪುಸ್ತಕ ಬಂದು ಎಷ್ಟು ಕಾಲವಾಯಿತು ಅಂತ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ಅಣ್ಣನ ಹಳೇ ಪುಸ್ತಕ ಇದೆ ಅಂತ ನೆಮ್ಮದಿಯಾಗಿರಬೇಡಿ. ಕರಾರು ಕಾಯ್ದೆಯದ್ದು ನಡೆಯುತ್ತದೆ, ಕ್ರಿಮಿನಲ್ ಪುಸ್ತಕ ಹೊಸದೇ ಬೇಕು. ಹಳೇ ಕೇಸುಗಳು ಹಳೇ ಕಾಯ್ದೆಯಲ್ಲೇ ನಡೆಯುತ್ತಿವೆ, ಹಾಗಾಗಿ ಹಳೆಯದನ್ನು ರದ್ದಿಗೆ ಹಾಕುವುದೂ ಬೇಡ.

ಪಾಠ ಮಾಡುವವರಲ್ಲಿ ಕಾಯಂ ಎಷ್ಟು, ಗೆಸ್ಟ್ ಎಷ್ಟು ಅಂತ ಕೇಳಿ. ಗೆಸ್ಟ್ ಅಂದರೆ ಕೆಟ್ಟದ್ದು ಅಂತಲ್ಲ. ಬೆಳಗ್ಗೆ ಪಾಠ ಹೇಳಿ ಹನ್ನೊಂದಕ್ಕೆ ಕೋರ್ಟಿಗೆ ಓಡುವ ವಕೀಲರಿಂದ ಸಿವಿಲ್ ಪ್ರೊಸೀಜರ್ ಕಲಿತರೆ ಅದರ ರುಚಿಯೇ ಬೇರೆ. ಎಲ್ಲರೂ ಗೆಸ್ಟೇ ಆದರೆ ಮಾತ್ರ ಕಷ್ಟ, ಕೇಸು ಇದ್ದ ದಿನ ಯಾರೂ ಬರುವುದಿಲ್ಲ.

ಇಂಟರ್ನ್‌ಶಿಪ್ ಬಗ್ಗೆ ಒಂದು ಮಾತು. ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ. ಎಲ್ಲಿಗೆ ಕಳಿಸುತ್ತಾರೆ, ಹೋಗಿದ್ದನ್ನು ಯಾರು ನೋಡುತ್ತಾರೆ ಅಂತ ಕೇಳಿ. ಕೋರ್ಟಿಗೆ ಹತ್ತಿರದ ಕಾಲೇಜಾದರೆ ಇದು ತಾನಾಗಿಯೇ ಆಗುತ್ತದೆ, ಮಧ್ಯಾಹ್ನ ಕ್ಲಾಸ್ ಮುಗಿಸಿ ನಡೆದುಕೊಂಡು ಹೋಗಿ ಕೂರಬಹುದು. ಹೈಕೋರ್ಟ್ ಈಗ ಬೆಂಗಳೂರಿನಲ್ಲಿ ಮಾತ್ರ ಇಲ್ಲ. 2008ರಲ್ಲಿ ಶುರುವಾದ ಧಾರವಾಡ, ಕಲಬುರಗಿಯ ಸಂಚಾರಿ ಪೀಠಗಳು 2013ರಲ್ಲಿ ಕಾಯಂ ಆದವು. ಹೈಕೋರ್ಟ್ ವಕೀಲಿ ಮಾಡಬೇಕು ಅನ್ನುವ ಉತ್ತರ ಕರ್ನಾಟಕದ ಮಕ್ಕಳು ಬೆಂಗಳೂರಿನ ಬಾಡಿಗೆ ಕಟ್ಟಬೇಕಿಲ್ಲ. ನನ್ನನ್ನು ಕೇಳಿದರೆ ಕ್ಯಾಂಪಸ್ಸಿನ ಕಟ್ಟಡಕ್ಕಿಂತ ಕೋರ್ಟಿಗೆ ಇರುವ ದೂರಕ್ಕೇ ಜಾಸ್ತಿ ಬೆಲೆ ಕೊಡುತ್ತೇನೆ.

ಕೆಲಸದಲ್ಲಿರುವವರಿಗೆ

ಬಾರ್ ಕೌನ್ಸಿಲ್ ನಿಯಮದಲ್ಲಿ ತರಗತಿ ಬೆಳಗ್ಗೆ ಎಂಟರಿಂದ ಸಂಜೆ ಏಳರ ಒಳಗೆ ನಡೆಯಬೇಕು. ರಾತ್ರಿ ಕಾಲೇಜು ಹುಡುಕಬೇಡಿ. ಬೆಳಗಿನ ಪಾಳಿ ಇರುವ ಕಾಲೇಜು ಹುಡುಕಿ, ಸರ್ಕಾರಿ ನೌಕರರಾದರೆ ಇಲಾಖೆಯ ಅನುಮತಿಯನ್ನು ಲಿಖಿತದಲ್ಲಿ ತಗೊಳ್ಳಿ. ಸಂಬಳದ ಕೆಲಸದಲ್ಲಿ ಪೂರ್ಣಾವಧಿ ಇರುವವರೆಗೆ ವಕೀಲಿ ಮಾಡುವಂತಿಲ್ಲ ಅನ್ನುವುದೂ ನೆನಪಿರಲಿ. ನಿವೃತ್ತಿಯಾದ ಮೇಲೆ ಸನದು ತಗೊಳ್ಳಬಹುದು. 45 ದಾಟಿದವರಿಗೆ ಸನದು ಇಲ್ಲ ಅನ್ನುವ ನಿಯಮ ಒಂದು ಕಾಲಕ್ಕೆ ಇತ್ತು, 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನಮ್ಮ ಬಾರ್ ಅಸೋಸಿಯೇಷನ್ನಿನಲ್ಲಿ ಅರವತ್ತರ ಮೇಲಿನ ಜೂನಿಯರ್‌ಗಳು ಇಬ್ಬರಿದ್ದಾರೆ. ಒಬ್ಬರು ನಿವೃತ್ತ ಶಿರಸ್ತೇದಾರರು, ಜಮೀನು ಕೇಸಿನಲ್ಲಿ ಅವರ ಮುಂದೆ ನಾವು ಯಾರೂ ಇಲ್ಲ.

ಓದು ಮುಗಿದ ಮೇಲಿನ ಖರ್ಚು, ಕಾಲ

ಸನದಿನ ಶುಲ್ಕ ಮುಂಚೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಸಾವಿರಗಟ್ಟಲೆ ಇತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ವಕೀಲರ ಕಾಯ್ದೆಯಲ್ಲಿ ಇರುವಷ್ಟೇ ತಗೊಳ್ಳಬೇಕು, ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125. ಸ್ಟಾಂಪ್ ಡ್ಯೂಟಿ ಬೇರೆ. ಆಮೇಲೆ ವಕೀಲಿ ಮಾಡಲು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ. 100 ಪ್ರಶ್ನೆ, ನಾಲ್ಕು ಆಯ್ಕೆಯದ್ದು, ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಳಗೆ ಒಯ್ಯಲು ಬಿಡುತ್ತಾರೆ. ಮೂರು ವರ್ಷ ಬೇರ್ ಆಕ್ಟ್ ಮುಟ್ಟದವರು ಅಲ್ಲಿ ಪುಟ ತಿರುವುತ್ತಲೇ ಸಮಯ ಕಳೆಯುತ್ತಾರೆ.

ಜಡ್ಜ್ ಆಗಬೇಕು ಅನ್ನುವವರ ಲೆಕ್ಕ 2025ರ ಮೇ 20ರಂದು ಬದಲಾಯಿತು. ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರಲು ಮೂರು ವರ್ಷದ ವಕೀಲಿ ಬೇಕು ಅಂತ ಸುಪ್ರೀಂ ಕೋರ್ಟ್ ಆ ದಿನ ಹೇಳಿತು. ಹದಿನೆಂಟಕ್ಕೆ ಐದು ವರ್ಷದ ಕೋರ್ಸು ಸೇರಿದವರಿಗೆ ಪರೀಕ್ಷೆ ಹೊತ್ತಿಗೆ ಇಪ್ಪತ್ತಾರು, ಡಿಗ್ರಿ ಮಾಡಿ ಬಂದವರಿಗೆ ಇಪ್ಪತ್ತೇಳು. ಒಂದು ವರ್ಷದ ಅಂತರ ಇಲ್ಲೂ ಹಾಗೇ ಉಳಿಯುತ್ತದೆ, ಆದರೆ ಆ ಮೂರು ವರ್ಷ ಯಾವ ಸೀನಿಯರ್ ಹತ್ತಿರ ಕಳೆಯುತ್ತೀರಿ ಅನ್ನುವುದು ಕೋರ್ಸಿನ ವರ್ಷಕ್ಕಿಂತ ದೊಡ್ಡದಾಯಿತು. ಆ ಮೂರು ವರ್ಷ ಸಂಪಾದನೆ ಅಷ್ಟಕ್ಕಷ್ಟೇ. ಮನೆಯವರಿಗೆ ಇದನ್ನು ಈಗಲೇ ಹೇಳಿಬಿಡಿ.

ಶುಲ್ಕ ಕೇಳುವಾಗ ಮೊದಲ ವರ್ಷದ್ದು ಮಾತ್ರ ಕೇಳಬೇಡಿ. ಎಲ್ಲ ವರ್ಷದ್ದು, ಪರೀಕ್ಷಾ ಶುಲ್ಕ ಸೇರಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ, ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಗಡಿಯಾಚೆ, ಮಹಾರಾಷ್ಟ್ರ, ಗೋವಾ, ಕಾಸರಗೋಡು ಕಡೆ ಓದಿ ಬಂದವರು ಮೈಗ್ರೇಷನ್ ಪ್ರಮಾಣಪತ್ರದ ಕೆಲಸವನ್ನು ಮೊದಲೇ ಶುರು ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮತ್ತು ಟಿ.ಸಿ. ಕಾಲೇಜಿಗೆ ಕೊಡುವ ಮುಂಚೆ ಐದು ಸೆಟ್ ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಸ್ಕ್ಯಾನ್ ಇಟ್ಟುಕೊಳ್ಳಿ, ಕೊಟ್ಟಿದ್ದಕ್ಕೆ ಸೀಲು ಹಾಕಿದ ರಸೀದಿ ತಗೊಳ್ಳಿ. ರಸೀದಿ ಇಲ್ಲ ಅಂದರೆ ಕೊಡಬೇಡಿ. ಲಾ ಕಾಲೇಜಿನಲ್ಲೇ ರಸೀದಿ ಕೇಳಲು ಸಂಕೋಚಪಟ್ಟರೆ ಮುಂದೆ ಕಕ್ಷಿದಾರರಿಗೆ ಏನು ಹೇಳುತ್ತೀರಿ?